ಯಾರೆಂದು ಕೇಳದೆ, ಏನು ಬೇಕೆಂದು ಕೇಳಿ

(ಹಿರೇಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಒಂದು ಕುಟುಂಬ ತನ್ನ ಸಂಪಾದನೆಯಲ್ಲಿ ಒಂದಿಷ್ಟನ್ನು ಇಡಗಂಟಾಗಿ ಇಡುತ್ತದೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಊರಿನ ಜನ ಒಟ್ಟಿಗೆ ಕೂತು ನಾಲ್ಕು ಮಾತು ಕೇಳಲಿ ಎಂದು ಬಯಸುತ್ತದೆ. ಕೇಳಲು ಬರುವವರು ಯಾರೆಂದು ಆ ಕುಟುಂಬಕ್ಕೆ ಗೊತ್ತಿರುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ ಮೇಲೆ ಇಂಥ ನೂರಾರು ದತ್ತಿಗಳು ಸಣ್ಣಸಣ್ಣ ಮೊತ್ತಗಳಲ್ಲಿ ನಾಡಿನ ಉದ್ದಗಲಕ್ಕೂ ಬೆಳೆದಿವೆ. ಇವತ್ತು ನಾನು ಮಾತಾಡಬೇಕಾಗಿರುವುದು ಗುರುತಿಲ್ಲದವರಿಗೆ ಮಾಡುವ ಸಹಾಯದ ಬಗ್ಗೆ. ಈ ಸಭೆ ನಡೆಯುತ್ತಿರುವುದೇ ಅಂಥದೊಂದು ಕೊಡುಗೆಯಿಂದ. ಅದಕ್ಕಾಗಿ ಮೊದಲು ಆ ಮನೆಯವರಿಗೆ ನನ್ನ ನಮಸ್ಕಾರ.

ಈ ವಿಷಯ ಮಾತಾಡಲು ಹಿರೇಹಳ್ಳಿಗಿಂತ ತಕ್ಕ ಊರು ಸಿಗುವುದು ಕಷ್ಟ. ಬೆಂಗಳೂರಿನಿಂದ ರೈಲಿನಲ್ಲಿ ಬಂದರೆ ಕ್ಯಾತ್ಸಂದ್ರಕ್ಕೆ ಮುಂಚಿನ ನಿಲ್ದಾಣ ಇದು. ಮೊದಲು ನಾಲ್ಕು ಎಂದು ಕರೆಯುತ್ತಿದ್ದ, ಈಗ 48 ಆಗಿರುವ ಹೆದ್ದಾರಿ ಊರಿನ ಮಗ್ಗುಲಲ್ಲೇ ಹಗಲು ರಾತ್ರಿ ಓಡುತ್ತಿದೆ. ತೋಟಗಾರಿಕೆ ಪ್ರಯೋಗ ಕೇಂದ್ರಕ್ಕೆ ಸಸಿ ಕೊಳ್ಳಲು ಎಲ್ಲೆಲ್ಲಿಂದಲೋ ರೈತರು ಬರುತ್ತಾರೆ. ಕೈಗಾರಿಕಾ ಪ್ರದೇಶಕ್ಕೆ ಕೂಲಿ ಅರಸಿ ನಮ್ಮ ಭಾಷೆ ಬಾರದವರೂ ಬರುತ್ತಾರೆ. ಹೊರಗಿನವರು ಹಾದುಹೋಗದ, ಬಂದು ತಂಗದ ದಿನವೇ ಈ ಊರಿಗೆ ಇಲ್ಲ.

ನಮ್ಮ ಹಳ್ಳಿಗಳಿಗೆ ಸಹಾಯ ಹೊಸದಲ್ಲ. ರಾಗಿ ಕೊಯ್ಲಿಗೆ ಮುಯ್ಯಾಳು ಬರುತ್ತಾರೆ, ಮದುವೆಗೆ ಮುಯ್ಯಿ ಬರುತ್ತದೆ, ಸಾವಿನ ಮನೆಯಲ್ಲಿ ಒಲೆ ಹಚ್ಚದ ದಿನ ನೆರೆಮನೆಯಿಂದ ಅನ್ನ ಸಾರು ಬರುತ್ತದೆ. ಮುಯ್ಯಿ ಬರೆದ ಪುಸ್ತಕವನ್ನು ನಮ್ಮ ಹೆಂಗಸರು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಾರೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನಾದರೂ ತಿರುಗಿಸಬೇಕಲ್ಲ! ಬ್ಯಾಂಕು, ವಿಮೆ ಒಂದೂ ಇಲ್ಲದ ಕಾಲದಲ್ಲಿ ಮನೆಗಳು ಮುರಿಯದೆ ಉಳಿದದ್ದು ಈ ಲೆಕ್ಕದಿಂದಲೇ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪುಸ್ತಕಕ್ಕೆ ಒಂದು ಎಲ್ಲೆಯೂ ಇದೆ. ಅದು ಗುರುತಿನವರ ಪುಸ್ತಕ, ಬಹುಮಟ್ಟಿಗೆ ಜಾತಿಯೊಳಗಿನ ಪುಸ್ತಕ. ತಿರುಗಿಸಲಾರದವನಿಗೆ, ಇನ್ನೊಮ್ಮೆ ಕಣ್ಣಿಗೆ ಬೀಳದವನಿಗೆ ಅದರಲ್ಲಿ ಹಾಳೆ ಇಲ್ಲ. ನಾನು ಹೇಳಬೇಕೆಂದಿರುವುದು ಆ ಪುಸ್ತಕದಲ್ಲಿ ಹೆಸರಿಲ್ಲದವನ ಬಗ್ಗೆ.

ಅವನಿಗಾಗಿ ನಮ್ಮ ಹಿರಿಯರು ಕೆಲವನ್ನು ಕಟ್ಟಿದ್ದರು. ಬೇಸಿಗೆ ಬಂದರೆ ಸಾಲುಮರದ ಕೆಳಗೆ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ, ಪಾನಕ ಕೊಡುತ್ತಿದ್ದರು. ತಲೆಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿಕೊಳ್ಳಲೆಂದು ದಾರಿ ಬದಿಯಲ್ಲಿ ಎದೆಮಟ್ಟದ ಕಲ್ಲು ನಿಲ್ಲಿಸುತ್ತಿದ್ದರು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗನಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಗೆ ವಾರಕ್ಕೊಂದು ಊಟ ದೊಡ್ಡ ಹೊರೆಯಲ್ಲ. ಏಳು ಮನೆ ಸೇರಿದರೆ ಒಬ್ಬ ಹುಡುಗನ ಓದು ಮುಗಿಯುತ್ತಿತ್ತು. ಹಳೆಯ ಮೈಸೂರಿನಲ್ಲಿ ಹಾಗೆ ಓದಿ ಮೇಷ್ಟರಾದವರು, ವಕೀಲರಾದವರು ಬಹಳ ಮಂದಿ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಿ ನಿಮ್ಮಿಂದ ಚಪ್ಪಾಳೆ ತೆಗೆದುಕೊಳ್ಳಲಾರೆ. ಅದೇ ಅರವಟ್ಟಿಗೆಯಲ್ಲಿ ಕೆಲವರಿಗೆ ಲೋಟ, ಕೆಲವರಿಗೆ ಮೇಲಿಂದ ಸುರಿದ ನೀರಿಗೆ ಒಡ್ಡಿದ ಬೊಗಸೆ. ವಾರಾನ್ನದ ಮನೆ ಹುಡುಗನ ಜಾತಿ ನೋಡಿಯೇ ಬಾಗಿಲು ತೆರೆಯುತ್ತಿತ್ತು. ‘ನೀನು ಯಾರ ಪೈಕಿ?’ ಎಂಬ ಪ್ರಶ್ನೆ ನೀರಿನ ಬಿಂದಿಗೆಯ ಪಕ್ಕದಲ್ಲೂ ಕೂತಿತ್ತು. ಅದನ್ನು ಕೇಳಿ ಕೊಟ್ಟ ನೀರು ಬಾಯಾರಿಕೆಯನ್ನು ತಣಿಸಿರಬಹುದು. ಕುಡಿದವನ ಮನಸ್ಸನ್ನು ಸುಟ್ಟದ್ದೂ ಅದೇ ನೀರು.

ನಮ್ಮ ತುಮಕೂರು ಜಿಲ್ಲೆಯ ಒಬ್ಬರ ಹೆಸರನ್ನು ಇಲ್ಲಿ ನೆನೆಯಬೇಕು. ಗುಬ್ಬಿಯ ತೋಟದಪ್ಪನವರು 1838ರಲ್ಲಿ ಹುಟ್ಟಿದರು, ಬೆಂಗಳೂರಿಗೆ ಹೋಗಿ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದರು. ಅವರ ನಡುವಯಸ್ಸಿನ ಹೊತ್ತಿಗೆ ಬಂದದ್ದು 1876–78ರ ಭೀಕರ ಬರ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿದು ಊರು ಬಿಟ್ಟವರು ಪೇಟೆಗಳ ಬೀದಿಗಳಲ್ಲಿ ಬಿದ್ದ ಕಾಲ ಅದು. ಪೇಟೆಯಲ್ಲಿದ್ದ ವ್ಯಾಪಾರಿ ಅದನ್ನು ಕಣ್ಣಾರೆ ಕಾಣದೆ ಇರಲಾರರು ಎಂಬುದು ನನ್ನ ಊಹೆ. 1897ರಲ್ಲಿ ಅವರು ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಜಾಗ ಕೊಂಡು, ದೂರದ ಊರಿಂದ ಬಂದವರಿಗೆ ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ತೆರೆದರು. ಓದುವ ಹುಡುಗರಿಗೆ ವಿದ್ಯಾರ್ಥಿನಿಲಯವೂ ಆಯಿತು. 1910ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಅದಕ್ಕೇ ಬರೆದಿದ್ದರು. ಜಾಗವನ್ನು ಎಲ್ಲಿ ಕೊಂಡರು ನೋಡಿ. ತಮ್ಮ ಅಂಗಡಿಯ ಪಕ್ಕದಲ್ಲಲ್ಲ, ತಮ್ಮ ಊರಿನಲ್ಲಲ್ಲ. ರೈಲಿಳಿದು ಎಲ್ಲಿ ಹೋಗಲಿ ಎಂದು ಒಬ್ಬ ಹಳ್ಳಿಯವನು ಗಂಟು ಹಿಡಿದು ನಿಲ್ಲುವ ಕಡೆ ಕೊಂಡರು. ಬಂದವನಿಗೆ ಏನು ಬೇಕು ಎಂದು ಯೋಚಿಸಿದವರು ಮಾತ್ರ ಹಾಗೆ ಮಾಡುತ್ತಾರೆ.

ಇನ್ನು ಸಿದ್ಧಗಂಗೆ. ಇಲ್ಲಿ ಕೂತವರಲ್ಲಿ ಆ ಮಠದಲ್ಲಿ ಊಟ ಮಾಡದವರು ಯಾರೂ ಇರಲಾರರು. ಶಿವಕುಮಾರ ಸ್ವಾಮಿಗಳು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, 1930ರಲ್ಲಿ ಸನ್ಯಾಸ ಪಡೆದು, 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿ 21ರಂದು ಲಿಂಗೈಕ್ಯರಾಗುವ ಹೊತ್ತಿಗೆ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಚಿತವಾಗಿ ಉಂಡು, ತಂಗಿ, ಓದುತ್ತಿದ್ದರು. ಆ ದಿನವನ್ನು ರಾಜ್ಯ ಸರ್ಕಾರ ದಾಸೋಹ ದಿನ ಎಂದು ಘೋಷಿಸಿದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ನಾನು ನಿಮ್ಮ ಗಮನವನ್ನು ಬೇರೆ ಕಡೆಗೆ ಎಳೆಯಬೇಕೆಂದಿದ್ದೇನೆ. ಆ ಒಲೆಯನ್ನು ಉರಿಸಿದವರು ಯಾರು?

ದೊಡ್ಡ ಶ್ರೀಮಂತರು ಕೊಟ್ಟಿದ್ದಾರೆ, ಸರ್ಕಾರವೂ ಕೊಟ್ಟಿದೆ. ಆದರೆ ಅದರ ಬುಡ ಜೋಳಿಗೆ. ಸ್ವಾಮಿಗಳು ಭಿಕ್ಷೆಗೆಂದು ಹಳ್ಳಿಹಳ್ಳಿ ತಿರುಗಿದವರು. ಈ ಸೀಮೆಯ ರೈತ ಸುಗ್ಗಿಯಲ್ಲಿ ಕಣದಿಂದ ರಾಗಿ ಮನೆಗೆ ತರುವ ಮುನ್ನ ಮಠಕ್ಕೆಂದು ಒಂದು ಪಾಲು ತೆಗೆದಿಡುತ್ತಾನೆ. ತೆಂಗಿನಕಾಯಿ ಕೆಡವಿದಾಗ ಕಾಯಿ, ಹುಣಸೆ ಬಡಿದಾಗ ಹುಣಸೆಹಣ್ಣು, ತರಕಾರಿ ಹೆಚ್ಚಾದಾಗ ಒಂದು ಮೂಟೆ, ಸೌದೆ ಇದ್ದವನು ಸೌದೆ. ಅರ್ಧ ಎಕರೆಯವನೂ ಕೊಟ್ಟ, ಹತ್ತು ಎಕರೆಯವನೂ ಕೊಟ್ಟ. ಕೊಟ್ಟವನಿಗೆ ತನ್ನ ರಾಗಿ ಯಾವ ಮಗುವಿನ ತಟ್ಟೆಯಲ್ಲಿ ಮುದ್ದೆಯಾಯಿತೆಂದು ಗೊತ್ತಿಲ್ಲ. ಬೀದರಿನ ಹುಡುಗನೋ, ಪಾವಗಡದ ಹುಡುಗನೋ, ಯಾವ ಜಾತಿಯವನೋ, ಯಾವ ಮತದವನೋ. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಒಂದೇ ಹಂಡೆಯ ಸಾರು ಉಂಡರು. ಅರವಟ್ಟಿಗೆಯ ಬಳಿ ಕೂತಿದ್ದ ಆ ಹಳೆಯ ಪ್ರಶ್ನೆಯನ್ನು ಎಬ್ಬಿಸಿ ಆಚೆ ಕಳಿಸಿದ ಜಾಗಗಳಲ್ಲಿ ಇದು ಒಂದು.

ಇನ್ನೊಂದು ಸಂಗತಿ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆ ಅಡುಗೆಮನೆಗೆ ಏನು ಬೇಕು ಎಂಬುದು ಈ ಸೀಮೆಯ ಪ್ರತಿ ರೈತನಿಗೂ ಗೊತ್ತು. ಯಾರೂ ಅಲ್ಲಿಗೆ ಹರಿದ ಸೀರೆ ತಂದು ಸುರಿಯುವುದಿಲ್ಲ. ರಾಗಿ, ಅಕ್ಕಿ, ಬೇಳೆ, ಬೆಲ್ಲ, ಕಾಯಿ, ದಿನವೂ ಬೇಕಾದ್ದು ಅದು, ದಿನವೂ ಬಂದದ್ದು ಅದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲೂ ಹೀಗೆಯೇ. ಸಿದ್ಧಲಿಂಗೇಶ್ವರನ ಸನ್ನಿಧಿಗೆ ಬಂದವರು ಹಸಿದು ಹೋಗುವಂತಿಲ್ಲ. ಶಿವರಾತ್ರಿಯ ಮುಂಚೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ಕುಣಿಗಲ್ ದಾರಿಯಲ್ಲಿ ಹಾಯುತ್ತಾರೆ. ಆಗ ದಾರಿಯ ಊರಿನವರು ಮಜ್ಜಿಗೆ, ಕಲ್ಲಂಗಡಿ ಹೋಳು, ಚಿತ್ರಾನ್ನ ಇಟ್ಟುಕೊಂಡು ಕಾಯುತ್ತಾರೆ, ಬೊಬ್ಬೆ ಬಂದ ಪಾದಕ್ಕೆ ಎಣ್ಣೆ ಹಚ್ಚುತ್ತಾರೆ. ಬಿಸಿಲಿನಲ್ಲಿ ನಡೆದವನಿಗೆ ಏನು ಬೇಕು ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಅವರೂ ನಡೆದವರೇ.

ಕಷ್ಟ ಬರುವುದು ನಮಗೆ ಗೊತ್ತಿಲ್ಲದ ಕಡೆ, ಗೊತ್ತಿಲ್ಲದ ಬಗೆಯ ಆಪತ್ತು ಬಂದಾಗ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳು ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಮುಳುಗಿದವು. ಆಗ ನಮ್ಮ ಜನ ಕೈಕಟ್ಟಿ ಕೂರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಯಾವ ಒಳ್ಳೆಯ ಕೆಲಸವೂ ಶುರುವಾಗುವುದು ಹಾಲಿನ ಡೇರಿಯ ಮುಂದೆ. ಬೆಳಿಗ್ಗೆ ಹಾಲು ಹಾಕಲು ಬಂದವರು ಮಾತಾಡಿಕೊಂಡರು. ಯುವಕರು ಮನೆಮನೆಗೆ ಚೀಲ ಹಿಡಿದು ಹೋದರು. ಸಂಜೆಯೊಳಗೆ ಲಾರಿ ತುಂಬಿತು. ರಾಜ್ಯದ ನೂರಾರು ಊರುಗಳಲ್ಲಿ ಹೀಗೆ ಲಾರಿ ತುಂಬಿದವು. ಮನಸ್ಸಿಗೆ ಹೆಮ್ಮೆಯಾಗುವ ದಿನಗಳು ಅವು.

ಆದರೆ ಆ ಲಾರಿಗಳಲ್ಲಿ ಇದ್ದದ್ದೇನು? ಅಕ್ಕಿ, ಹೊದಿಕೆ, ನೀರಿನ ಬಾಟಲಿ ಇದ್ದವು, ನಿಜ. ಗುಂಡಿ ಕಿತ್ತ ಅಂಗಿ, ಝಿಪ್ಪು ಹಾಳಾದ ಪ್ಯಾಂಟು, ಒಂಟಿ ಕಾಲುಚೀಲಗಳೂ ಇದ್ದವು. ಇದು ನಮ್ಮ ರಾಜ್ಯದ ಕಥೆಯಷ್ಟೇ ಅಲ್ಲ. 2001ರ ಗುಜರಾತ್ ಭೂಕಂಪದಲ್ಲೂ, 2004ರ ಸುನಾಮಿಯಲ್ಲೂ ದೇಶದ ಮೂಲೆಮೂಲೆಯಿಂದ ಹೋದ ಹಳೆ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯಿತು. ಪರಿಹಾರ ಕೇಂದ್ರದಲ್ಲಿದ್ದ ಹೆಂಗಸರಿಗೆ ಬೇಕಾಗಿದ್ದದ್ದು ಹೊಸ ಒಳಉಡುಪು, ಮುಟ್ಟಿನ ದಿನಕ್ಕೆ ಬೇಕಾದ ಪ್ಯಾಡು. ಮನೆಗೆ ಮರಳಿದವರಿಗೆ ಬೇಕಾಗಿದ್ದದ್ದು ಕೆಸರು ಎತ್ತಲು ಸಲಿಕೆ, ಪೊರಕೆ, ಒಂದು ಸ್ಟೌ, ನಾಲ್ಕು ಪಾತ್ರೆ. ಮಕ್ಕಳಿಗೆ ಪಠ್ಯಪುಸ್ತಕ. ಜೋಳದ ರೊಟ್ಟಿ ತಿನ್ನುವ ನಾಡಿಗೆ ನಾವು ನಮ್ಮ ನಾಲಿಗೆಗೆ ಹಿಡಿಸಿದ್ದನ್ನು ಕಟ್ಟಿ ಕಳಿಸಿದೆವು. ನಮ್ಮ ಪೆಟ್ಟಿಗೆಯಲ್ಲಿ ಏನು ಹೆಚ್ಚಾಗಿದೆ ಎಂದು ನೋಡಿ ಕೊಟ್ಟೆವೇ ಹೊರತು ಅವರ ಮನೆಯಲ್ಲಿ ಏನು ಹೋಗಿದೆ ಎಂದು ಕೇಳಿ ಕೊಡಲಿಲ್ಲ. ಎರಡು ಫೋನ್ ಕರೆ ಮಾಡಿದ್ದರೆ, ಆ ಊರಿನ ಒಬ್ಬ ಶಾಲೆ ಮೇಷ್ಟರನ್ನೋ, ಒಬ್ಬ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿದ್ದರೆ ಸಾಕಿತ್ತು.

ನಾನು ಈ ಉಪನ್ಯಾಸದಲ್ಲಿ ಹೇಳಬೇಕೆಂದು ಬಂದದ್ದು ಇಷ್ಟೇ. ಸಹಾಯ ಮಾಡುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ‘ನೀನು ಯಾರು’ ಎಂಬುದು ಒಂದು, ‘ನಿನಗೇನು ಬೇಕು’ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಬಾರದು, ಎರಡನೆಯದನ್ನು ಕೇಳದೆ ಬಿಡಬಾರದು. ನಾವು ಬಹಳ ಸಲ ತಿರುಗುಮುರುಗು ಮಾಡುತ್ತೇವೆ.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರು ಹೆಗಲ ಮೇಲೆ ಮಗು, ತಲೆಯ ಮೇಲೆ ಗಂಟು ಇಟ್ಟುಕೊಂಡು ಹೆದ್ದಾರಿಗಳಲ್ಲಿ ನಡೆದರು. ರಸ್ತೆ ಬದಿಯ ಊರಿನವರು ಪುಳಿಯೋಗರೆ ಪೊಟ್ಟಣ ಕಟ್ಟಿ ಕೊಟ್ಟರು. ರೋಗದ ಭಯ ಮನೆಮನೆಯಲ್ಲೂ ಇದ್ದಾಗ ಗುರುತಿಲ್ಲದವನ ಹತ್ತಿರ ಹೋಗಿ ಕೈಗೆ ಅನ್ನ ಕೊಡುವುದು ಸಣ್ಣ ಧೈರ್ಯವಲ್ಲ. ಅದೇ ತಿಂಗಳುಗಳಲ್ಲಿ ಇನ್ನೊಂದನ್ನೂ ನೋಡಿದೆವು. ಒಂದು ರೇಷನ್ ಕಿಟ್ ಹಿಡಿದ ಒಬ್ಬ ಮುದುಕಿಯ ಸುತ್ತ ಹತ್ತು ಜನ ಕೊಟ್ಟವರು, ಎಲ್ಲರ ಮುಖವೂ ಕ್ಯಾಮೆರಾದ ಕಡೆಗೆ. ಆಕೆಯ ಕಣ್ಣು ಮಾತ್ರ ನೆಲದ ಮೇಲೆ. ದಯವಿಟ್ಟು ಇದನ್ನು ನಿಲ್ಲಿಸಿ. ಚಂದಾ ಕೊಟ್ಟವರಿಗೆ ಲೆಕ್ಕ ಕೊಡಬೇಕು, ಅದು ಸರಿಯಾದ ಮಾತು. ರಸೀದಿ ಇಡಿ, ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ತೆಗೆದುಕೊಂಡವರ ಮುಖವನ್ನು ಲೆಕ್ಕಕ್ಕೆ ಸಾಕ್ಷಿ ಮಾಡಬೇಡಿ.

ಈಗ ಈ ರಸ್ತೆಯ ಮಾತಿಗೆ ಬರುತ್ತೇನೆ. ಮಾತಾಡಲು ಕಷ್ಟವಾದರೂ ಈ ಊರಿನಲ್ಲಿ ಅದನ್ನು ಬಿಟ್ಟು ಹೋಗಲಾಗದು.

2016ರ ಫೆಬ್ರುವರಿ 16ರಂದು ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ಯುವಕ ಊರಿಗೆ ಬಂದು ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ. ನೆಲಮಂಗಲದ ಹತ್ತಿರ ಲಾರಿ ಹರಿದು ಅವನ ದೇಹ ಸೊಂಟದ ಬಳಿ ಎರಡಾಯಿತು. ಅಂಥ ಸ್ಥಿತಿಯಲ್ಲೂ ಅವನಿಗೆ ಪ್ರಜ್ಞೆ ಇತ್ತು. ಸಹಾಯಕ್ಕಾಗಿ ಕೂಗಿದ. ಸುತ್ತ ನಿಂತವರಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದವರಿದ್ದರು ಎಂದು ಅಂದು ವರದಿಯಾಯಿತು. ತನ್ನ ಅಂಗಾಂಗಗಳನ್ನು ಬೇರೆಯವರಿಗೆ ಕೊಡಿ ಎಂದು ಅವನು ಹೇಳಿದ. ಆಸ್ಪತ್ರೆಗೆ ಸಾಗಿಸಿದರೂ ಜೀವ ಉಳಿಯಲಿಲ್ಲ. ಅವನ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು.

ನಮ್ಮ ಪಕ್ಕದ ತಾಲ್ಲೂಕಿನ ಹುಡುಗ. ಗುಬ್ಬಿಯಿಂದ ಬೆಂಗಳೂರಿಗೆ ಹೋಗುವವರು ಹಾಯುವುದು ನಮ್ಮ ಮುಂದಿನ ಈ ರಸ್ತೆಯಲ್ಲೇ. ತಾನು ಸಾಯುತ್ತಿರುವ ಹೊತ್ತಿನಲ್ಲಿ, ತನ್ನ ಕಡೆ ನೋಡಿಯೂ ಬಾರದ ಜನರ ನಡುವೆ, ಎಂದೂ ಕಾಣದ ಯಾರಿಗೋ ಏನು ಬೇಕಾಗಬಹುದು ಎಂದು ಅವನು ಯೋಚಿಸಿದ. ಕೊಡುವುದರ ಬಗ್ಗೆ ನಾನು ಓದಿದ, ಕೇಳಿದ ಯಾವ ಪ್ರಸಂಗವೂ ಇದಕ್ಕಿಂತ ಎತ್ತರದಲ್ಲಿಲ್ಲ. ಅದೇ ವರ್ಷ ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆಯನ್ನು ತಂದಿತು. ಅಪಘಾತಕ್ಕೆ ಒಳಗಾದವರಿಗೆ, ಅವರು ಯಾವ ಊರಿನವರೇ ಆಗಿರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಏರ್ಪಾಡು ಅದು. 2025ರಲ್ಲಿ ಕೇಂದ್ರ ಸರ್ಕಾರವೂ ದೇಶದಾದ್ಯಂತ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಯೋಜನೆ ಜಾರಿಗೆ ತಂದಿದೆ.

ಅಂದು ನಿಂತು ನೋಡಿದವರೆಲ್ಲ ಕಲ್ಲೆದೆಯವರು ಎಂದು ನಾನು ಹೇಳಲಾರೆ. ನಮ್ಮ ಜನಕ್ಕೆ ಭಯ ಇದೆ. ‘ಮುಟ್ಟಿದರೆ ಪೊಲೀಸ್ ಕೇಸು, ಸಾಕ್ಷಿ ಹೇಳಲು ಕೋರ್ಟಿಗೆ ಅಲೆದಾಟ, ಆಸ್ಪತ್ರೆಯವರು ದುಡ್ಡು ಕಟ್ಟು ಅಂತಾರೆ’ ಎಂದು ಡೇರಿಯ ಮುಂದೆಯೂ ಟೀ ಅಂಗಡಿಯಲ್ಲೂ ಇವತ್ತಿಗೂ ಹೇಳುತ್ತಾರೆ. ಆ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಈಗ ಕಾನೂನು ಬದಲಾಗಿದೆ, ಅದನ್ನು ಈ ಸಭೆಯಲ್ಲಿ ಬಿಡಿಸಿ ಹೇಳುತ್ತೇನೆ, ಮನೆಗೆ ಹೋಗಿ ನಿಮ್ಮವರಿಗೂ ಹೇಳಿ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುವಿಗೆ ನೆರವಾದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಎತ್ತಿಕೊಂಡು ಹೋದವನ ಮೇಲೆ, ಗಾಯಾಳು ಉಳಿಯದಿದ್ದರೂ, ಅದಕ್ಕಾಗಿ ಕೇಸು ಹಾಕುವಂತಿಲ್ಲ. ಅವನನ್ನು ಆಸ್ಪತ್ರೆಯಲ್ಲಿ ತಡೆದು ನಿಲ್ಲಿಸುವಂತಿಲ್ಲ, ಹಣ ಕಟ್ಟು ಎನ್ನುವಂತಿಲ್ಲ. ಹೆಸರು, ವಿಳಾಸ ಹೇಳು ಎಂದು ಬಲವಂತ ಮಾಡುವಂತಿಲ್ಲ. ಸಹಾಯ ಮಾಡಿದವನನ್ನು ಸಹ ‘ನೀನು ಯಾರು’ ಎಂದು ಒತ್ತಾಯಿಸಿ ಕೇಳಬಾರದೆಂದು ಈ ದೇಶದ ಕಾನೂನು ಹೇಳುತ್ತದೆ! ಸಮಯಕ್ಕೆ ಆಸ್ಪತ್ರೆ ಮುಟ್ಟಿಸಿದವರಿಗೆ 2021ರಲ್ಲಿ ಇಟ್ಟಿದ್ದ 5,000 ರೂಪಾಯಿ ಬಹುಮಾನವನ್ನು 2025ರಲ್ಲಿ 25,000ಕ್ಕೆ ಏರಿಸಿದ್ದಾರೆ. ಬಹುಮಾನಕ್ಕಾಗಿ ಯಾರೂ ಓಡಿಹೋಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಓಡಿಹೋದವನ ಬೆನ್ನಿಗೆ ಸರ್ಕಾರ ನಿಂತಿದೆ ಎಂಬುದು ನಿಮಗೆ ಗೊತ್ತಿರಲಿ.

ಕಣ್ಣಿನ ದಾನದ ಬಗ್ಗೆಯೂ ಒಂದು ಮಾತು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣು, 2021ರ ಅಕ್ಟೋಬರಿನಲ್ಲಿ ಪುನೀತ್ ಅವರ ಕಣ್ಣು ದಾನವಾದವು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂದಿತು. ಆ ನಾಲ್ವರು ಯಾರೆಂದು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಅದಾದ ಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಕೊಡುವವರ ಸಾಲು ಬೆಳೆಯಿತು. ನೆನಪಿಡಿ, ಹೆಸರು ಬರೆಸಿದರಷ್ಟೇ ಸಾಲದು. ಕಣ್ಣನ್ನು ಸಾವಾದ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು, ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಮನೆಯವರು. ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಈ ಮಾತು ತೆಗೆಯಿರಿ.

ಕೊನೆಯದಾಗಿ, ದುಡ್ಡು ಬೇಡದ ಸಹಾಯಗಳು. ತುಮಕೂರಿನ ಜಿಲ್ಲಾಸ್ಪತ್ರೆಗೆ ಒಬ್ಬಂಟಿಯಾಗಿ ಬರುವ ಹಳ್ಳಿಯ ಹೆಂಗಸಿಗೆ ಔಷಧಿಗಿಂತ ಮೊದಲು ಬೇಕಾಗುವುದು ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ರಕ್ತಪರೀಕ್ಷೆ ಯಾವ ಕೋಣೆಯಲ್ಲಿ ಎಂದು ತೋರಿಸುವ ಒಬ್ಬರು. ಬ್ಯಾಂಕಿನಲ್ಲಿ ಚಲನ್ ತುಂಬಲು ಬಾರದವರು ಪೆನ್ನು ಇರುವವರ ಮುಖ ನೋಡುತ್ತಾ ನಿಂತಿರುತ್ತಾರೆ. ಇಲ್ಲಿನ ಕಾರ್ಖಾನೆಯಲ್ಲಿ ದುಡಿಯುವ ಹೊರರಾಜ್ಯದ ಹುಡುಗನಿಗೆ ಜ್ವರ ಬಂದರೆ ವೈದ್ಯರಿಗೆ ಅವನ ಮಾತು ತಿಳಿಯುವುದಿಲ್ಲ, ಅವನಿಗೆ ವೈದ್ಯರ ಮಾತು ತಿಳಿಯುವುದಿಲ್ಲ. ನಮ್ಮ ಶಾಲೆಯಲ್ಲಿ ಹಿಂದಿ ಕಲಿತ ಹುಡುಗಿಯೊಬ್ಬಳು ಅರ್ಧ ಗಂಟೆ ಜೊತೆಗೆ ನಿಂತರೆ ಅವನ ಜೀವಕ್ಕೆ ಧೈರ್ಯ ಬರುತ್ತದೆ. ಇಂಥವನ್ನು ನಾವು ಸೇವೆ ಎಂದು ಎಣಿಸುವುದಿಲ್ಲ, ಯಾವ ಪತ್ರಿಕೆಯೂ ಬರೆಯುವುದಿಲ್ಲ. ಸ್ವಾಮಿಗಳ ಜೋಳಿಗೆ ತುಂಬಿದ್ದು ಮಾತ್ರ ಇಂಥ ಒಂದೊಂದು ಸೇರಿನಿಂದಲೇ.

ಇವತ್ತಿನ ಕಾರ್ಯಕ್ರಮದ ಸಂಘಟಕರನ್ನು ಮೊದಲೇ ಕೇಳಿಕೊಂಡಿದ್ದೆ, ಅವರು ಒಪ್ಪಿದ್ದಾರೆ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ರಾತ್ರಿ ಹೊತ್ತು ಕರೆದರೆ ಗಾಡಿ ತರಬಲ್ಲವರು, ರಕ್ತ ಕೊಡಬಲ್ಲವರು, ಹಿಂದಿಯೋ ಒಡಿಯಾವೋ ಬಲ್ಲವರು, ವಾರಕ್ಕೊಂದು ಬೆಳಿಗ್ಗೆ ಜಿಲ್ಲಾಸ್ಪತ್ರೆಗೆ ಜೊತೆಗೆ ಹೋಗಬಲ್ಲವರು ಅದರಲ್ಲಿ ತಮ್ಮ ಫೋನ್ ನಂಬರ್ ಬರೆಯಲಿ. ಅದರ ಒಂದು ಪ್ರತಿ ಡೇರಿಯಲ್ಲಿ, ಒಂದು ಪ್ರತಿ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಇರುತ್ತದೆ. ಅದರ ಮೇಲೆ 108 ಮತ್ತು 112 ಎಂದು ದಪ್ಪಕ್ಷರದಲ್ಲಿ ಬರೆಸುತ್ತಾರೆ. ಜಾತಿ, ಪಕ್ಷ, ಕೇರಿ ಬರೆಯುವ ಕಾಲಮ್ಮು ಅದರಲ್ಲಿ ಇಲ್ಲ. ಊಟಕ್ಕೆ ಹೋಗುವ ಮುನ್ನ ದಯವಿಟ್ಟು ಆ ಮೇಜಿನ ಹತ್ತಿರ ನಿಂತು ಹೋಗಿ.